ಚಕ್ರವರ್ತಿಯೂ ವಿದೂಷಕನೂ

ಗ್ಯಾರೇಜಿನ ಮೇಲಿನ ಕೋಣೆ
ಶನಿವಾರ, ಮಧ್ಯಾಹ್ನ

ಮಹಾಜನಗಳೇ! ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ಕೂತು ಮುಂದಿನವರ ತಲೆಯನ್ನು ಬೈದುಕೊಳ್ಳುತ್ತಿರುವ ಮಹನೀಯರೇ, ಟಿಕೆಟ್ಟಿಲ್ಲದೆ ಗೋಡೆ ಹತ್ತಿ ಕೂತ ಪುಣ್ಯಾತ್ಮರೇ! ದಯಮಾಡಿ ಗದ್ದಲ ನಿಲ್ಲಿಸಿ. ಈ ದಿನದ ಕಥೆಗೆ ಪಾತ್ರಧಾರಿಗಳು ಇಬ್ಬರು. ಇಬ್ಬರಿಗೂ ನಾಲ್ಕು ನಾಲ್ಕು ಚಕ್ರ.

ತಮ್ಮಾ, ಹೆದರಬೇಡ. ನಿನ್ನ ಅಣ್ಣನಿಗೆ ತಲೆ ಕೆಟ್ಟಿಲ್ಲ. ಇಪ್ಪತ್ತಾರು ವರ್ಷದ ಮೇಲೆ ನಿನಗೆ ಬರೆಯಲು ಕೂತರೆ ‘ಪ್ರಿಯ ತಮ್ಮನಿಗೆ ಆಶೀರ್ವಾದಗಳು’ ಎಂಬ ಸಾಲು ಪೆನ್ನಿನಿಂದ ಇಳಿಯಲೇ ಇಲ್ಲ. ನಾಲ್ಕು ಹಾಳೆ ಹರಿದೆ. ಎಂಟುನೂರು ಜನರನ್ನು ಎದುರಿಗೆ ಕೂರಿಸು, ಗುಡುಗುತ್ತೇನೆ. ಒಬ್ಬನನ್ನು ಕೂರಿಸು, ನಾಲಗೆ ಒಣಗುತ್ತದೆ. ಅದಕ್ಕೇ ಸಭೆ ಕರೆದಿದ್ದೇನೆ. ನೀನು ಮೊದಲ ಸಾಲಿನಲ್ಲಿ ಕೂತಿದ್ದೀಯೆಂದು ತಿಳಿದುಕೋ.

ವಿಷಯಕ್ಕೆ ಬರುತ್ತೇನೆ. ನಾಳೆಯ ಹಳೆ ಕಾರುಗಳ ಪ್ರದರ್ಶನಕ್ಕೆ ನೀನೂ ಬರುತ್ತೀಯೆಂದು ಸಂಘದ ಕಾರ್ಯದರ್ಶಿ ನಿನ್ನೆ ಫೋನು ಮಾಡಿ ಹೇಳಿದರು. ಚಿಕ್ಕ ಕಾರನ್ನು ನಿನ್ನ ಮಗಳೇ ಓಡಿಸಿಕೊಂಡು ಬರುತ್ತಾಳಂತೆ. ಅಪ್ಪನ ಎರಡೂ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ನಡುವೆ ಕೆಂಪು ಹಗ್ಗ ಕಟ್ಟುತ್ತಾರಂತೆ. ಕಾರ್ಯದರ್ಶಿಗೆ ಭಾರಿ ಸಂಭ್ರಮ. ‘ಅಣ್ಣ ತಮ್ಮಂದಿರನ್ನೂ ಒಂದು ಫೋಟೋದಲ್ಲಿ ಹಿಡೀತೀವಿ ಸಾರ್’ ಎಂದರು.

ಬಾಗಿಲಲ್ಲಿ ಎಲ್ಲರಿಗೂ ಒಂದು ಪುಸ್ತಕ ಕೊಡುತ್ತಾರೆ. ಅದರ ಹನ್ನೊಂದನೆಯ ಪುಟದಲ್ಲಿ ನಾನು ಬರೆದ ಲೇಖನವಿದೆ: ನಮ್ಮ ಎರಡು ಕಾರುಗಳ ಹೋಲಿಕೆ. ಅದನ್ನು ನಿನ್ನ ಮಗಳು ತೆರೆಯುವ ಮೊದಲು ನೀನು ಈ ಕಾಗದ ಓದಬೇಕು. ಅಕ್ಕ ಸಂಜೆಯ ಬಸ್ಸಿಗೆ ನಿಮ್ಮೂರಿಗೆ ಬರುತ್ತಿದ್ದಾಳೆ. ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಮೊದಲು ಹೋಲಿಕೆಯನ್ನೇ ಕೇಳು. ಅದರಲ್ಲಿ ಮುಕ್ಕಾಲು ಭಾಗ ಸತ್ಯ.

ಚಕ್ರವರ್ತಿ: ಅಪ್ಪ ಇಟ್ಟ ಹೆಸರು. ಕಪ್ಪು ಮೈ, ಒಬ್ಬ ಮನುಷ್ಯ ಉದ್ದಕ್ಕೆ ಮಲಗಬಹುದಾದ ಬಾನೆಟ್ಟು, ತಟ್ಟೆಯಗಲದ ಎರಡು ದೀಪ, ಹಿಂದುಮುಂದಾಗಿ ತೆರೆಯುವ ಬಾಗಿಲು, ನಿಂತು ಭಾಷಣ ಮಾಡಲೆಂದೇ ಹುಟ್ಟಿದಂಥ ಫುಟ್‌ಬೋರ್ಡು. ಮುಂದೆ ಹ್ಯಾಂಡಲ್ ಹಾಕಿ ಮೂರು ಸಲ ತಿರುಗಿಸಿದರೆ ಒಮ್ಮೆ ಕೆಮ್ಮುತ್ತಾನೆ. ಆರು ಸಲ ತಿರುಗಿಸಿದರೆ ಯೋಚಿಸುತ್ತೇನೆ ಎನ್ನುತ್ತಾನೆ. ನಮ್ಮ ನಾಟಕ ಕಂಪನಿ ಹೊಸ ಊರಿನಲ್ಲಿ ಮೊದಲ ಆಟ ಆಡುವ ದಿನ ಅಪ್ಪ ಕಿರೀಟ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಬೀದಿಬೀದಿ ಸುತ್ತುತ್ತಿದ್ದರು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬರುತ್ತಿದ್ದರು. ಚಕ್ರವರ್ತಿ ಕೆಟ್ಟು ನಿಂತರೂ ಬಿಗುಮಾನದಿಂದಲೇ ನಿಲ್ಲುತ್ತಿದ್ದ. ಜನ ಅದನ್ನೂ ನಾಟಕದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ವಿದೂಷಕ: ಬೆಣ್ಣೆಯ ಬಣ್ಣ, ಎರಡೇ ಬಾಗಿಲು, ಒಂದೇ ವೈಪರು. ಇಂಜಿನ್ನು ಹಿಂದೆ, ಸಾಮಾನು ಮುಂದೆ. ಪೆಟ್ರೋಲು ಹಾಕಲು ಬಂದವರೆಲ್ಲ ಮುಚ್ಚಳ ಹುಡುಕಿಕೊಂಡು ಅವನ ಸುತ್ತ ಒಂದು ಪ್ರದಕ್ಷಿಣೆ ಬರಲೇಬೇಕು. ಹೊಲಿಗೆ ಯಂತ್ರದ ಸದ್ದು. ತಳ್ಳಿದರೆ ಓಡುತ್ತಾನೆ, ಬೈದರೂ ಓಡುತ್ತಾನೆ. ಚಕ್ರವರ್ತಿ ತಿರುಗಲಾರದ ಓಣಿಯಲ್ಲಿ ಇವನು ಬುಗುರಿಯಂತೆ ತಿರುಗಿ ಬಂದು ಬಾಗಿಲಿಗೆ ನಿಲ್ಲುತ್ತಿದ್ದ. ಕಂಪನಿಯ ತರಕಾರಿ, ಜ್ವರದ ಮಾತ್ರೆ, ನಾಯಕಿಯ ಅಮ್ಮ, ಹೊಲಿದು ಬಂದ ರಾಜಪೋಷಾಕು ಎಲ್ಲವನ್ನೂ ಹೊತ್ತದ್ದು ಅವನೇ. ಅವನನ್ನು ಬಿಚ್ಚಿ ಜೋಡಿಸುವವನು ನೀನು. ನನ್ನ ಕೈಗೆ ಎಣ್ಣೆ ಹತ್ತಿದರೆ ಬಣ್ಣ ಹಚ್ಚುವಾಗ ತೊಂದರೆಯಾಗುತ್ತದೆಂದು ಅಪ್ಪ ನನಗೆ ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲ. ರಾಜಪಾತ್ರ ನನಗೆ, ಹಾಸ್ಯಪಾತ್ರ ನಿನಗೆ. ದೊಡ್ಡ ಕಾರು ನನಗೆ, ಚಿಕ್ಕದು ನಿನಗೆ. ಹಂಚಿಕೆ ನಾವು ಕೇಳುವ ಮೊದಲೇ ಮುಗಿದಿತ್ತು.

ಇನ್ನು ಬ್ಯಾಟರಿ. ನಿನಗೆ ಗೊತ್ತಿರುವುದೇ, ಸಭೆಗಾಗಿ ಬಿಡಿಸಿ ಹೇಳುತ್ತೇನೆ. ಬ್ಯಾಟರಿಗೆ ಎರಡು ತುದಿ. ಒಂದಕ್ಕೆ ಕೂಡುವ ಚಿಹ್ನೆ, ಒಂದಕ್ಕೆ ಕಳೆಯುವ ಚಿಹ್ನೆ. ಒಂದು ತುದಿಯನ್ನು ಕಾರಿನ ಕಬ್ಬಿಣದ ಮೈಗೇ ಬಿಗಿಯುತ್ತಾರೆ. ವಿದೂಷಕನಲ್ಲಿ ಕಳೆಯ ತುದಿ ಮೈಗೆ; ಈಗಿನ ಎಲ್ಲ ಕಾರುಗಳಲ್ಲೂ ಹಾಗೇ. ಚಕ್ರವರ್ತಿ ಹಳೆಯ ಕಾಲದವನು, ಅವನಲ್ಲಿ ಉಲ್ಟಾ. ಅದಲುಬದಲಾದರೆ ವೈರು ಕಾದು ಹೊಗೆ ಏಳುತ್ತದೆ. ಹಾಗಾಗಿ ಅಪ್ಪ ಪ್ರತಿ ಸಲ ಬ್ಯಾಟರಿ ಹಾಕುವ ಮೊದಲು ನಮ್ಮಿಬ್ಬರಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು: ‘ಚಕ್ರವರ್ತಿ ಮೈಗೆ ಕೂಡು, ವಿದೂಷಕನ ಮೈಗೆ ಕಳೆ.’ ಚಕ್ರವರ್ತಿಯ ಕೂಡಿನ ತುದಿಗೆ ಬಿಗಿಯುವ ಕ್ಲ್ಯಾಂಪಿಗೆ ಬಣ್ಣದ ಪೆಟ್ಟಿಗೆಯಿಂದ ಕೆಂಪು ತೆಗೆದು ತಮ್ಮ ಕೈಯಾರೆ ಬಳಿದಿದ್ದರು.

ಆ ದಿನಕ್ಕೆ ಬರುತ್ತೇನೆ. ಬರದೆ ಗತಿಯಿಲ್ಲ.

ನಾನು ಹನ್ನೊಂದನೆಯ ಪುಟದಲ್ಲಿ ಬರೆದದ್ದು ಹೀಗಿದೆ, ಅಕ್ಷರ ಬಿಡದೆ ನಕಲು ಮಾಡುತ್ತೇನೆ: ‘ಒಂದು ಬೆಳಿಗ್ಗೆ ಯಜಮಾನರ ಕಿರಿಯ ಮಗ, ಮುಂದೆ ಎಲ್ಲರ ಬಾಯಲ್ಲಿ ಬೆಂಕಿಪೊಟ್ಟಣ ಎಂದೇ ಹೆಸರಾದವನು, ಚಕ್ರವರ್ತಿಯನ್ನು ವಿದೂಷಕನೆಂದು ಬಗೆದು ಬ್ಯಾಟರಿ ಜೋಡಿಸಿಬಿಟ್ಟ. ಕಾರು ಉಳಿಯಿತು, ಕಂಪನಿ ಉಳಿಯಲಿಲ್ಲ.’ ಕಾರ್ಯದರ್ಶಿ ಇದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಸ್ತಕಕ್ಕೆ ಇಂಥ ಉಪ್ಪುಖಾರ ಬೇಕು ಅಂದರು. ಅದು ಮೂರು ತಿಂಗಳ ಹಿಂದಿನ ಮಾತು. ಎಂಟುನೂರು ಪ್ರತಿ ಅಚ್ಚಾಗಿ ಮೈದಾನದ ಕಚೇರಿಯಲ್ಲಿ ಕಟ್ಟು ಕಟ್ಟಿ ಇಟ್ಟಿದ್ದಾರೆ. ನೀನು ಬರುತ್ತೀಯೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬರೆಯುತ್ತಿರಲಿಲ್ಲ ಎಂದುಕೊಂಡರೆ ಅದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ನೀನು ಓದುವುದಿಲ್ಲ ಎಂಬ ಧೈರ್ಯದಲ್ಲೇ ಬರೆದೆ.

ನಿನ್ನ ಅಂಗೈಗಳ ಸುಟ್ಟ ಕಲೆ ರೇಡಿಯೇಟರಿನ ಬಿಸಿನೀರಿನದೆಂದು ಮಗಳಿಗೆ ಹೇಳಿದ್ದೀಯಂತೆ. ಅಕ್ಕ ಇವತ್ತು ಬೆಳಿಗ್ಗೆ ಹೇಳಿದಳು. ಗಾಳಿಯಲ್ಲೇ ತಣಿಯುವ ವಿದೂಷಕನಿಗೆ ರೇಡಿಯೇಟರೇ ಇಲ್ಲ, ಬೇರೆ ಯಾವ ಕಾರೆಂದು ಅವಳು ಕೇಳಲಿಲ್ಲವೇ? ಕೇಳಿರುತ್ತಾಳೆ. ನೀನು ಮಾತು ಮರೆಸಿರುತ್ತೀಯ. ಮಾತು ನುಂಗುವುದರಲ್ಲಿ ನಿನ್ನಷ್ಟು ದೊಡ್ಡ ನಟ ನಮ್ಮ ಮನೆಯಲ್ಲಿ ಹುಟ್ಟಲಿಲ್ಲ. ನಾಳೆ ಅವಳು ಆ ಪುಟ ತೆರೆದರೆ ತನ್ನಪ್ಪನ ಇನ್ನೊಂದು ಹೆಸರನ್ನು ಎಂಟುನೂರು ಜನರ ಜೊತೆ ನಿಂತು ಓದುತ್ತಾಳೆ.

ನಿಜವಾಗಿ ನಡೆದದ್ದು ಇದು. ಹಿಂದಿನ ದಿನ ನಾನು ಚಕ್ರವರ್ತಿಗೆ ರೇಡಿಯೋ ಹಾಕಿಸಿದೆ. ಅಪ್ಪನನ್ನು ಅದಕ್ಕೂ ಮೊದಲೇ ಕೇಳಿದ್ದೆ. ‘ಚಕ್ರವರ್ತಿ ಹಾಡಲ್ಲ ಕಣೋ, ಅವನ ಮುಂದೆ ಬೇರೆಯವರು ಹಾಡ್ತಾರೆ’ ಎಂದು ಎಲ್ಲರೆದುರಿಗೆ ನಗಾಡಿದ್ದರು. ಮೂವತ್ತು ವರ್ಷದ ಗಂಡಸು, ನಾಯಕನಟ, ಒಂದು ರೇಡಿಯೋ ಹಾಕಿಸಿಕೊಳ್ಳುವ ಹಕ್ಕು ಇಲ್ಲ! ಮೊದಲ ಸಲ ಅಪ್ಪನ ಜಾಗದಲ್ಲಿ ನಾನು ಕಿರೀಟ ಹಾಕಿಕೊಂಡು ಬೀದಿ ಸುತ್ತುವ ಮೆರವಣಿಗೆ ಅದು. ಚೌಕದಲ್ಲಿ ಕಾರು ನಿಲ್ಲಬೇಕು, ಒಳಗಿಂದ ಸಂಗೀತ ಮೊಳಗಬೇಕು, ನಾನು ಕೆಳಗಿಳಿಯಬೇಕು. ಕನಸಿನಲ್ಲೂ ಅದನ್ನೇ ಕಾಣುತ್ತಿದ್ದೆ. ರೇಡಿಯೋ ಅಂಗಡಿಯವನು ಪೆಟ್ಟಿಗೆ ತಿರುಗಿಸಿ ನೋಡಿ, ಕಳೆಯ ತುದಿ ಮೈಗೆ ಇದ್ದರೆ ಮಾತ್ರ ಇದು ಹಾಡುತ್ತದೆ ಅಂದ. ಹಾಗಾದರೆ ಬ್ಯಾಟರಿಯ ಜೋಡಣೆ ತಿರುಗಿಸಿಬಿಡು ಅಂದೆ. ಡೈನಮೋಗೂ ಅದೇನೋ ಮಾಡಿದ. ಬ್ಯಾಟರಿಯ ಒಂದು ತುದಿ ದಪ್ಪ, ಒಂದು ಸಣ್ಣ. ಕ್ಲ್ಯಾಂಪುಗಳು ಕೂರಲಿಲ್ಲವೆಂದು ಅರದಿಂದ ಉಜ್ಜಿ ಕೂರಿಸಿದ. ಅಪ್ಪನ ಕೆಂಪು ಬಣ್ಣ ಉಜ್ಜಿದ ಪುಡಿಯಲ್ಲಿ ಉದುರಿಹೋಯಿತು. ಸಂಜೆ ಒಂದು ಸುತ್ತು ಹಾಕಿದೆ. ಹಾಡಿತು, ತಮ್ಮಾ. ಎಷ್ಟು ಚೆನ್ನಾಗಿ ಹಾಡಿತು! ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬಟ್ಟೆ ಮುಚ್ಚಿ ಬಚ್ಚಿಟ್ಟೆ. ಆಮೇಲೆ ವಾಡಿಕೆಯಂತೆ ಬ್ಯಾಟರಿ ಚಾರ್ಜಿಗೆ ಹೋಯಿತು.

ಬೆಳಿಗ್ಗೆ ನೀನು ಬ್ಯಾಟರಿ ಹೊತ್ತು ತಂದೆ. ಬದಲಾಯಿಸಿದ್ದನ್ನು ನಿನಗೆ ಹೇಳಬೇಕೆಂದುಕೊಂಡಿದ್ದೆ. ಮರೆತೆ. ಊರಿನ ನಾಲ್ಕು ಜನ ದೊಡ್ಡವರು ಕಾರು ನೋಡಲು ಬಂದಿದ್ದರು, ಅಪ್ಪ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ನಾನು ಫುಟ್‌ಬೋರ್ಡಿನ ಮೇಲೆ ನಿಂತು ಎರಡನೆಯ ಅಂಕದ ಮಾತು ಹೇಳಿ ತೋರಿಸುತ್ತಿದ್ದೆ. ನೀನು ಜೋಡಿಸುವ ಮೊದಲು ನನ್ನನ್ನು ಏನೋ ಕೇಳಿದೆಯೆಂದು ಅಕ್ಕ ಹೇಳುತ್ತಾಳೆ. ನನಗೆ ನೆನಪಿಲ್ಲ. ನೀನು ಅಪ್ಪನ ಪಾಠದಂತೆಯೇ ಜೋಡಿಸಿದೆ: ಚಕ್ರವರ್ತಿ ಮೈಗೆ ಕೂಡು. ತಪ್ಪಿಲ್ಲದ ಕೆಲಸ. ಹಾಗೆ ಮಾಡಿದ್ದರಿಂದಲೇ ಹತ್ತಿಕೊಂಡಿತು.

ಉಳಿದದ್ದು ನನಗಿಂತ ನಿನ್ನ ಕೈಗೆ ಹೆಚ್ಚು ನೆನಪಿರಬೇಕು. ಡ್ಯಾಶ್‌ಬೋರ್ಡಿನಿಂದ ಹೊಗೆ, ಹಿಂದೆಯೇ ಕೆನ್ನಾಲಗೆ. ಶೆಡ್ಡಿನ ತುಂಬ ತೂಗುಹಾಕಿದ್ದ ಪರದೆಗಳು. ಅರಮನೆಯ ಪರದೆ, ಬೀದಿಯ ಪರದೆ, ಅಪ್ಪ ಎರಡು ವರ್ಷ ಬರೆಸಿದ ಕಾಡಿನ ಪರದೆ. ನಾವೆಲ್ಲ ಹೊರಗೆ ಓಡಿದೆವು. ನೀನು ಒಳಗೆ ಓಡಿದೆ. ಕಾದ ಬಾನೆಟ್ಟಿಗೆ ಬರಿಗೈ ಕೊಟ್ಟು ಅಷ್ಟು ದೊಡ್ಡ ಕಾರನ್ನು ಒಬ್ಬನೇ ಹಿಮ್ಮುಖವಾಗಿ ತಳ್ಳಿ ಅಂಗಳಕ್ಕೆ ತಂದೆ. ಅಷ್ಟರಲ್ಲಿ ಕಾಡಿಗೆ ಬೆಂಕಿ ಬಿದ್ದಿತ್ತು. ಎಲ್ಲರೂ ಬಾವಿಯಿಂದ ನೀರು ಸೇದುತ್ತಿದ್ದಾಗ ನಾನೇನು ಮಾಡಿದೆ ಗೊತ್ತೇ? ಚಕ್ರವರ್ತಿಯ ಒಳಗೆ ಬಗ್ಗಿ, ಕರಗಿ ಮುದ್ದೆಯಾಗಿದ್ದ ರೇಡಿಯೋವನ್ನು ಕಿತ್ತು ನನ್ನ ರಾಜನಿಲುವಂಗಿಯಲ್ಲಿ ಸುತ್ತಿ ಬಣ್ಣದ ಪೆಟ್ಟಿಗೆಯ ತಳದಲ್ಲಿಟ್ಟೆ. ನಿನ್ನ ಅಂಗೈ ಎರಡೂ ಸುಟ್ಟುಹೋಗಿದ್ದವು. ನನ್ನ ಹೆಬ್ಬೆರಳಿಗೆ ಒಂದು ಬೊಬ್ಬೆ ಎದ್ದಿತ್ತು.

ಮಧ್ಯಾಹ್ನ ಅಪ್ಪ ಬೂದಿಯ ಎದುರು ನಿಂತು, ಕಂಪನಿಯ ಹದಿನಾಲ್ಕು ಮಂದಿ ಕೇಳುವಂತೆ ನಿನ್ನನ್ನು ಕೇಳಿದರು.

‘ಯಾರ ಮೈಗೆ ಕೂಡು, ಯಾರ ಮೈಗೆ ಕಳೆ? ಹೇಳು.’

ನೀನು ಒದ್ದೆ ಗೋಣಿಯಲ್ಲಿ ಕೈ ಸುತ್ತಿಕೊಂಡಿದ್ದೆ. ‘ಚಕ್ರವರ್ತಿ ಮೈಗೆ ಕೂಡು, ಅಪ್ಪಾ. ಹಾಗೇ ಹಾಕಿದೀನಿ.’

‘ಹಾಗೇ ಹಾಕಿದ್ರೆ ಹತ್ಕೊಳ್ತಿತ್ತೇನೋ?’

ನೀನು ನನ್ನ ಕಡೆ ತಿರುಗಿದೆ. ಸಿಟ್ಟಿನಿಂದಲ್ಲ, ಒಂದು ಮಾತು ಬರಬಹುದೇನೋ ಎಂದು ಕಾಯುವವನ ಹಾಗೆ. ಮೂರು ಗಂಟೆಯ ನಾಟಕದಲ್ಲಿ ಒಂದು ಅಕ್ಷರ ತಪ್ಪದವನು ನಾನು. ಆಗ ನನ್ನ ಬಾಯಿಂದ ಉಸಿರು ಕೂಡ ಹೊರಡಲಿಲ್ಲ. ಅಪ್ಪ ‘ಹೊರಡು’ ಅಂದರು. ಅವರ ಅತಿ ಚಿಕ್ಕ ಸಂಭಾಷಣೆ ಅದೇ. ನೀನು ವಿದೂಷಕನ ಸ್ಟಿಯರಿಂಗನ್ನು ಮೊಣಕೈಯಲ್ಲಿ ತಿರುಗಿಸಿಕೊಂಡು ಹೊರಟೆ. ಗೇರು ಹಾಕಲು ಅಕ್ಕ ಪಕ್ಕದಲ್ಲಿ ಕೂತಳು.

ನಿನ್ನ ಮುಂದಿನ ಬದುಕು ಅಕ್ಕನ ಬಾಯಿಂದ ತುಣುಕು ತುಣುಕಾಗಿ ಕೇಳಿದ್ದೇನೆ. ಹೊಸ ಊರಿನ ಗ್ಯಾರೇಜುಗಳಿಗೆ ನಿನಗಿಂತ ಮೊದಲು ಬೆಂಕಿಪೊಟ್ಟಣ ಎಂಬ ಹೆಸರು ತಲುಪಿತ್ತಂತೆ. ಕತ್ತಲಲ್ಲಿ ತಡಕಿ ವೈರಿನ ದೋಷ ಹೇಳುತ್ತಿದ್ದ ನಿನಗೆ ಬ್ಯಾಟರಿ ಮುಟ್ಟಗೊಡದೆ ಟೈರು ಬಿಚ್ಚುವ ಕೆಲಸ ಕೊಟ್ಟರಂತೆ. ಇಪ್ಪತ್ತಾರು ವರ್ಷ ಟೈರು! ಆ ಹೆಸರು ಮೊದಲು ಇಟ್ಟವರು ಯಾರೆಂದು ನೀನು ಯಾವತ್ತಾದರೂ ಯೋಚಿಸಿದ್ದೀಯಾ? ಕಂಪನಿಯ ಅಡುಗೆಯವನು ಇಟ್ಟದ್ದು ಅಂತ ನಾನೇ ಹಬ್ಬಿಸಿದೆ. ಇಟ್ಟವನು ನಾನು. ಒಂದು ಸಲ ಜನ ನಕ್ಕುಬಿಟ್ಟರೆ ಆಮೇಲೆ ಯಾರೂ ಕೆದಕಿ ಕೇಳುವುದಿಲ್ಲ; ರಂಗದ ಮೇಲೆ ಕಲಿತ ವಿದ್ಯೆ.

ನಿನ್ನ ಮೇಲೂ ನನಗೆ ಸಿಟ್ಟಿದೆ, ಬಚ್ಚಿಡುವುದಿಲ್ಲ. ಒಂದು ಸಲ ಬಂದು ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಅಪ್ಪ ಹಾಸಿಗೆ ಹಿಡಿದಾಗ ಬಂದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನೀನು ಕಾಲ ಬಳಿ ಅರ್ಧ ಗಂಟೆ ನಿಂತು, ನನ್ನ ಕಡೆ ಒಂದು ಸಲವೂ ನೋಡದೆ ಹೋದೆ. ನಾನು ಬಾಗಿಲ ಹಿಂದೆ ಬೆವರುತ್ತಿದ್ದೆ. ನೀನು ಬೈದಿದ್ದರೆ ನಾನು ತಿರುಗಿ ಬೈದು ಹೇಗೋ ಬದುಕಿಕೊಳ್ಳುತ್ತಿದ್ದೆ. ನಿನ್ನ ಮೌನ ನನ್ನನ್ನು ಒಳಗಿಂದ ಅರದ ಹಾಗೆ ಉಜ್ಜಿತು. ಒಂಬತ್ತು ವರ್ಷದ ಹಿಂದೆ ಅಪ್ಪ ಹೋದರು. ಕೊನೆಯ ವಾರ ನನ್ನ ಕೈ ಹಿಡಿದು, ನೀನೊಬ್ಬನಾದರೂ ಉಳಿದೆಯಲ್ಲ ಅಂದರು. ಆ ಮಾತನ್ನು ಕೇಳಿಸಿಕೊಂಡು ನಾನು ಅತ್ತೆ. ಅವರು ಅದನ್ನು ಪ್ರೀತಿ ಅಂದುಕೊಂಡರು.

ಈಗ ಚಕ್ರವರ್ತಿ ಹೇಗಿದ್ದಾನೆಂದು ಕೇಳುತ್ತೀಯಾ? ಫಳಫಳ ಹೊಳೆಯುತ್ತಾನೆ. ಮೂರು ಸಲ ಮೊದಲ ಬಹುಮಾನ. ಒಳಗಿನ ವೈರಿಂಗು ಪೂರ್ತಿ ಹೊಸದು, ಸೀಟು ಹೊಸದು, ಡ್ಯಾಶ್‌ಬೋರ್ಡು ಹೊಸದು. ಬಾನೆಟ್ಟಿನ ಮೇಲೆ ಎರಡು ಅಂಗೈ ಅಗಲದ ಜಾಗದಲ್ಲಿ ಬಣ್ಣ ಮಾತ್ರ ಎಷ್ಟು ಸಲ ಬಳಿದರೂ ಸುಲಿದು ಏಳುತ್ತದೆ. ಬಣ್ಣದವನು ಕೆಳಗಿನ ತಗಡು ಕಾದು ಕೆಟ್ಟಿದೆ, ಕತ್ತರಿಸಿ ಹೊಸದು ಹಾಕಬೇಕು ಎನ್ನುತ್ತಾನೆ. ನಾನು ಬೇಡ ಅಂದೆ. ಪ್ರದರ್ಶನದ ದಿನ ಆ ಜಾಗದ ಮೇಲೆ ಬಹುಮಾನದ ಬಟ್ಟಲುಗಳನ್ನು ಜೋಡಿಸಿಬಿಡುತ್ತೇನೆ. ವಿದೂಷಕನ ಇಂಜಿನ್ನು ಇನ್ನೂ ಅದೇ ಅಂತೆ, ಹೌದೇ? ಎಲ್ಲ ಅವನದೇ ತಿರುಪು, ಅವನದೇ ನಟ್ಟು. ಹೋಲಿಕೆಯ ಲೇಖನದಲ್ಲಿ ಇದನ್ನು ಬರೆಯಲಿಲ್ಲ. ಬರೆದಿದ್ದರೆ ನಾನು ಸೋಲುತ್ತಿದ್ದೆ.

ನಾಳೆ ಒಂಬತ್ತಕ್ಕೆ ವೇದಿಕೆಯಿಂದ ನನ್ನ ಲೇಖನವನ್ನು ನಾನೇ ಓದಬೇಕೆಂದು ಕಾರ್ಯದರ್ಶಿಯ ಅಪ್ಪಣೆ. ಲೇಖನ ಓದುವುದಿಲ್ಲ. ಇದೇ ಕಾಗದದ ಇನ್ನೊಂದು ಪ್ರತಿ ಜೊತೆಜೊತೆಗೇ ಮಾಡಿಟ್ಟುಕೊಳ್ಳುತ್ತಿದ್ದೇನೆ, ಅದನ್ನು ಓದುತ್ತೇನೆ. ಮೇಲಿನ ‘ಮಹಾಜನಗಳೇ’ ಅದಕ್ಕೇ. ಬಟ್ಟಲುಗಳನ್ನು ಮನೆಯಲ್ಲೇ ಬಿಡುತ್ತೇನೆ; ಆ ಜಾಗದಲ್ಲಿ ಕರಗಿದ ರೇಡಿಯೋ ಇಡುತ್ತೇನೆ. ನೀನು ಫೋಟೋಕ್ಕೆ ನಿಲ್ಲಬೇಕಿಲ್ಲ. ಕೈ ಕುಲುಕಬೇಕಿಲ್ಲ, ಆ ಕೈಯನ್ನು ಹಿಡಿಯುವ ಧೈರ್ಯ ನನಗೂ ಇಲ್ಲ. ಮಗಳಿಗೆ ಮಾತ್ರ ಇವತ್ತೇ, ನಿನ್ನ ಬಾಯಿಂದಲೇ ಹೇಳಿಬಿಡು. ನನ್ನ ಬಾಯಿಂದ ಕೇಳಿದರೆ ಅವಳಿಗೆ ಅದೂ ನಾಟಕ ಅನ್ನಿಸೀತು.

ಇಂತಿ,
ಆಶೀರ್ವಾದ ಎಂದು ಬರೆಯಲಾರದ
ನಿನ್ನ ಅಣ್ಣ

ತಾ.ಕ.: ಅಕ್ಕ ಕೆಳಗೆ ಚೀಲ ಹಿಡಿದು ಕಾಯುತ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತೆಂದು ಎರಡು ಸಲ ಕೂಗಿದಳು. ಕಾಗದ ಮಡಿಸಿ ಲಕೋಟೆಗೆ ಹಾಕಿದ್ದವನು ಮತ್ತೆ ಬಿಚ್ಚಿದ್ದೇನೆ. ಮೇಲೆ ‘ಮರೆತೆ’ ಎಂದು ಬರೆದಿದ್ದೇನೆ. ‘ನೆನಪಿಲ್ಲ’ ಎಂದೂ ಬರೆದಿದ್ದೇನೆ. ಎರಡೂ ಸುಳ್ಳು. ಹೊಡೆದುಹಾಕುವುದಿಲ್ಲ, ಇರಲಿ, ಇಂಥ ಕಾಗದದಲ್ಲೂ ನಾನು ಎಂಥವನೆಂದು ನಿನಗೆ ಕಾಣಲಿ. ನೀನು ಕ್ಲ್ಯಾಂಪು ಕೈಯಲ್ಲಿ ಹಿಡಿದು, ‘ಅಣ್ಣಾ, ಇದನ್ನ ಯಾರೋ ಅರ ಹಾಕಿ ಉಜ್ಜಿದಾರೆ, ಕೆಂಪೂ ಇಲ್ಲ. ಹಳೇ ಥರಾನೇ ಹಾಕ್ಲಾ?’ ಎಂದು ಕೇಳಿದೆ. ಅಪ್ಪ ಹತ್ತು ಹೆಜ್ಜೆ ದೂರದಲ್ಲಿದ್ದರು. ಬೇಡ ಅಂದಿದ್ದರೆ ಯಾಕೆ ಎಂದು ಅವರು ಕೇಳುತ್ತಿದ್ದರು. ನಾನು ಮಾತು ನಿಲ್ಲಿಸದೆ ‘ಹೂಂ’ ಅಂದೆ. ಅಣ್ಣ ಸಂಭಾಷಣೆಯ ಗುಂಗಿನಲ್ಲಿದ್ದ, ನಾನು ಕೇಳಿದ್ದು ಅವನಿಗೆ ಕೇಳಿಸಿರಲಿಕ್ಕಿಲ್ಲ ಎಂದು ನೀನು ಇಷ್ಟು ವರ್ಷ ಅಕ್ಕನ ಹತ್ತಿರ ಹೇಳುತ್ತಿದ್ದೀಯಂತೆ.

ಕೇಳಿಸಿತ್ತು.

ನಾಳೆ ಬೆಳಿಗ್ಗೆ ವೇದಿಕೆ ಹತ್ತಿ ಮೊದಲು ಈ ತಾ.ಕ. ಓದುತ್ತೇನೆ. ಮಿಕ್ಕದ್ದು ಆಮೇಲೆ.